ಆಲ್ಟೋ: ತಗ್ಗಿನ ಧ್ವನಿಗೆ ಎತ್ತರದ ಹೆಸರು

ಚರ್ಚಿನ ಕ್ವಾಯರ್‌ನಲ್ಲಿ, ಅಂದರೆ ಗಾಯಕರ ತಂಡದಲ್ಲಿ, ಹೆಂಗಸರ ತಗ್ಗಿನ ಧ್ವನಿಯನ್ನು ಆಲ್ಟೋ ಎನ್ನುತ್ತೇವೆ. ಲ್ಯಾಟಿನ್ನಿನ ‘ಆಲ್ಟುಸ್’ ಎಂದರೆ ಎತ್ತರ! ಯುರೋಪಿನ ಹಳೆಯ ಚರ್ಚ್ ಗಾಯನದಲ್ಲಿ ಮೂಲ ಧಾಟಿಯನ್ನು ಹಿಡಿದು ನಿಲ್ಲುತ್ತಿದ್ದ ಧ್ವನಿ ಟೆನರ್. ‘ಹಿಡಿ’ ಎಂಬ ಅರ್ಥದ ಲ್ಯಾಟಿನ್ ಧಾತುವೇ ಆ ಹೆಸರಿನ ಮೂಲ. ಅದಕ್ಕೆದುರಾಗಿ ಹೆಣೆದ ಕಾಂಟ್ರಾಟೆನರ್ 15ನೇ ಶತಮಾನದಲ್ಲಿ ಎರಡಾಗಿ ಕವಲೊಡೆಯಿತು: ಟೆನರ್‌ಗಿಂತ ಮೇಲಿನದು ಆಲ್ಟುಸ್, ಕೆಳಗಿನದು ಬಾಸುಸ್. ಹಾಡುತ್ತಿದ್ದವರು ಗಂಡಸರು, ಅವರ ಗಂಟಲಿಗೆ ಅದು ಎತ್ತರವೇ. ಮುಂದೆ ಆ ಜಾಗಕ್ಕೆ ಹೆಂಗಸರು ಬಂದರೂ ಹೆಸರು ಬದಲಾಗಲಿಲ್ಲ.

ಮೇಲಿನ ಸ್ವರ ಮುಟ್ಟಲಾರದವರಿಗೆ ಕೊಡುವ ಭಾಗ ಇದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1551ರ ಜಿನೀವಾ ಕೀರ್ತನೆ ಪುಸ್ತಕದಲ್ಲಿ ಬಂದ, ‘ಓಲ್ಡ್ ಹಂಡ್ರೆಡ್ತ್’ ಎಂದು ಹೆಸರಾದ ಧಾಟಿಯ ಮೊದಲ ಸಾಲನ್ನೇ ನೋಡಿ: ಸ ಸ ನಿ ಧ ಪ ಸ ರಿ ಗ. ಇದರಲ್ಲಿ ನಿ, ಧ, ಪ ಮೂರೂ ಮಂದ್ರದವು, ಅಂದರೆ ಸ-ಗಿಂತ ಕೆಳಗಿನ ಸ್ಥಾಯಿಯವು. ಇದರ ಕೆಳಗೆ ನಾನು ಆಲ್ಟೋಗೆ ಬರೆಯುವುದು, ಎಲ್ಲವೂ ಮಂದ್ರದಲ್ಲೇ, ಪ ಪ ಪ ಗ ಗ ಪ ಪ ಪ. ಧಾಟಿ ಇಳಿದು ಏರುವಾಗ ಆಲ್ಟೋ ತಂಬೂರಿಯ ಪಂಚಮದಂತೆ ನಿಂತಿರುತ್ತದೆ. ಹಾಗೆಂದು ಕೊನೆಯವರೆಗೂ ನಿಲ್ಲುವಂತಿಲ್ಲ. ಧಾಟಿ ಧೈವತಕ್ಕೆ ಬಂದಾಗ ಆಲ್ಟೋ ಪಂಚಮದಲ್ಲೇ ಉಳಿದರೆ ಪಕ್ಕಪಕ್ಕದ ಎರಡು ಸ್ವರಗಳು ಒಂದಕ್ಕೊಂದು ಉಜ್ಜಿ ಕಿವಿಗೆ ಚುಚ್ಚುತ್ತವೆ. ಅದಕ್ಕೇ ಅಲ್ಲಿ ಗಾಂಧಾರಕ್ಕೆ ಸರಿಯಬೇಕು.

ಇಷ್ಟು ಸಲೀಸಾಗುವುದು ಧಾಟಿ ಹಾಡುವ ಸೊಪ್ರಾನೋ, ಆಲ್ಟೋ, ಟೆನರ್, ಎಲ್ಲಕ್ಕಿಂತ ತಗ್ಗಿನ ಬೇಸ್ ಎಂಬ ನಾಲ್ಕೂ ಧ್ವನಿಗಳಿದ್ದಾಗ. ಚಿಕ್ಕ ಕ್ವಾಯರ್‌ಗಳಲ್ಲಿ ಗಂಡಸರು ಇಬ್ಬರೋ ಮೂವರೋ ಇರುತ್ತಾರೆ. ಟೆನರ್, ಬೇಸ್ ಎಂದು ಅವರನ್ನು ಒಡೆದರೆ ಎರಡೂ ಸೊರಗುತ್ತವೆ. ಅವರಿಗೆ ಒಂದೇ ಭಾಗ ಕೊಟ್ಟು ಮೂರು ಧ್ವನಿಗೆ ಬರೆಯುವುದು ಮೇಲು. ಆಗ ಮೊದಲ ಸ್ವರದಲ್ಲೇ ತೊಡಕು. ಧಾಟಿ ಸ, ಆಲ್ಟೋ ಪ, ಗಂಡಸರೂ ಸ ಹಿಡಿದರೆ ಗಾಂಧಾರ ಎಲ್ಲಿ? ಸ ಮತ್ತು ಪ ಸೇರಿದರೆ ಬರೀ ಕಟ್ಟಡದ ಕಂಬಗಳು. ಸ್ವರಗಳ ಮೇಳ ಮೇಜರ್ ಆಗಿ ಬೆಳಗಬೇಕೋ ಮೈನರ್ ಆಗಿ ಮಂಕಾಗಬೇಕೋ ಎಂಬುದನ್ನು ತೀರ್ಮಾನಿಸುವುದು ಗಾಂಧಾರ: ಅಂತರ ಗಾಂಧಾರವಾದರೆ ಮೇಜರ್‌ನ ಭಾವ, ಅದಕ್ಕಿಂತ ತುಸು ತಗ್ಗಿನ ಸಾಧಾರಣ ಗಾಂಧಾರವಾದರೆ ಮೈನರ್‌ನದು. ಟೆನರ್ ಹಾಡಬೇಕಿದ್ದ ಆ ಸ್ವರವನ್ನು ಈಗ ಆಲ್ಟೋ ವಹಿಸಿಕೊಳ್ಳಬೇಕು. ಆದ್ದರಿಂದ ಮೊದಲ ಎರಡು ಪಂಚಮ ಅಳಿಸಿ ಗಾಂಧಾರ ಬರೆಯುತ್ತೇನೆ.

ನಮ್ಮ ಕ್ವಾಯರ್‌ನಲ್ಲಿ ಆಲ್ಟೋ ಹಾಡುವವರು ಇಬ್ಬರೇ, ಒಬ್ಬರು ನಿವೃತ್ತ ಶಿಕ್ಷಕಿ. ಮೊದಮೊದಲು ಎರಡನೇ ಸಾಲಿಗೆ ಬರುವಷ್ಟರಲ್ಲಿ ಇಬ್ಬರೂ ಧಾಟಿಯತ್ತ ಜಾರಿಬಿಡುತ್ತಿದ್ದರು. ತಪ್ಪು ನನ್ನದೇ: ಅವರ ಭಾಗದಲ್ಲಿ ಜಿಗಿತಗಳು ಹೆಚ್ಚಿದ್ದವು. ಅವನ್ನು ತೆಗೆದು ಸ್ವರಗಳನ್ನು ಹತ್ತಿರಕ್ಕೆ ತಂದೆ. ಒಂದು ಶನಿವಾರ ಸೊಪ್ರಾನೋ ಇಲ್ಲದೆ ಅವರ ಭಾಗವನ್ನಷ್ಟೇ ಎಲ್ಲರ ಮುಂದೆ ಹಾಡಿಸಿದೆ. ಹಾಡಿ ಮುಗಿಸಿದ ಶಿಕ್ಷಕಿ, “ಇದೂ ಒಂದು ಹಾಡೇ ಅಲ್ಲವೇ?” ಎಂದರು.