ಮೂತ್ರನಾಳಕ್ಕೆ ತೇಪೆ: ಕೆನ್ನೆಯೋ, ನಾಲಗೆಯೋ, ಚರ್ಮವೋ?

ಪ್ರಶ್ನೆ: ಮೂತ್ರನಾಳ ಕಿರಿದಾಗಿದೆ. ಎರಡು ಸಲ ದುರ್ಬೀನಿನಿಂದ ಒಳಗೇ ಕೊಯ್ದು ಬಿಡಿಸಿದರೂ ಮತ್ತೆ ಕಟ್ಟಿಕೊಂಡಿತು. ಈಗ ಕೆನ್ನೆಯ ಒಳಪದರ ತೆಗೆದು ಹೊಲಿಯಬೇಕು ಎನ್ನುತ್ತಾರೆ. ಬಹಳ ವರ್ಷದಿಂದ ಗುಟ್ಕಾ ಹಾಕುತ್ತೇನೆ. ಬಾಯಿ ಬಿಟ್ಟು ಬೇರೆ ಕಡೆಯ ಚರ್ಮ ಆಗುವುದಿಲ್ಲವೇ?

ಉತ್ತರ: ಕೆಲವೊಮ್ಮೆ ಆಗುತ್ತದೆ. ಆದರೆ ಅದಕ್ಕೂ ಮೊದಲು ಗ್ರಾಫ್ಟ್ (ಬೇರೆ ಕಡೆಯಿಂದ ತೆಗೆದು ಹೊಲಿಯುವ ತೇಪೆ) ಬೇಕೇ ಬೇಕಾ ಎಂದು ಕೇಳಿಕೊಳ್ಳಿ. ಬಿದ್ದು ಪೆಟ್ಟಾಗಿ ಬಲ್ಬಾರ್ ಭಾಗದಲ್ಲಿ (ವೃಷಣಚೀಲದ ಹಿಂದೆ, ಗುದದ್ವಾರದ ಮುಂದೆ ಇರುವ ನಾಳ) 2 ಸೆಂ.ಮೀ.ಗಿಂತ ಕಡಿಮೆ ಉದ್ದ ಕಿರಿದಾಗಿದ್ದರೆ ಆ ತುಂಡನ್ನೇ ಕತ್ತರಿಸಿ ಎರಡೂ ತುದಿ ಜೋಡಿಸಬಹುದು. ಸೊಂಟದ ಮೂಳೆ ಮುರಿದು ನಾಳ ಹರಿದವರಿಗೂ ಸಾಮಾನ್ಯವಾಗಿ ಇದೇ ದಾರಿ. ಉದ್ದದ ಸ್ಟ್ರಿಕ್ಚರ್‌ಗೆ (ನಾಳ ಕಿರಿದಾದ ಜಾಗ) ಗ್ರಾಫ್ಟ್ ಬೇಕು. ಶಿಶ್ನದೊಳಗಿನ ಭಾಗಕ್ಕೂ ಅಷ್ಟೇ, ಅಲ್ಲಿ ಕತ್ತರಿಸಿ ಜೋಡಿಸಿದರೆ ನಿಮಿರಿದಾಗ ಡೊಂಕಾಗುತ್ತದೆ.

ಕೆನ್ನೆಯ ಒಳಪದರಕ್ಕೆ ಮೊದಲ ಸ್ಥಾನ ಸುಮ್ಮನೆ ಸಿಕ್ಕಿದ್ದಲ್ಲ. ಅದರಲ್ಲಿ ಕೂದಲಿಲ್ಲ, ಸದಾ ಒದ್ದೆ ಇದ್ದು ರೂಢಿ, ಮೇಲ್ಪದರ ದಪ್ಪ, ಅಡಿಪದರ ತೆಳು. ಅಡಿಪದರ ತೆಳುವಾದದ್ದೇ ದೊಡ್ಡ ಅನುಕೂಲ. ಗ್ರಾಫ್ಟ್‌ಗೆ ಸ್ವಂತ ರಕ್ತ ಇರುವುದಿಲ್ಲ. ಮೊದಲ ಎರಡು ದಿನ ಕೆಳಗಿನ ಹಾಸಿನಿಂದ ಪೋಷಕ ದ್ರವ ಹೀರಿಕೊಂಡೇ ಬದುಕುತ್ತದೆ, ಆಮೇಲೆ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಹಿಂಬದಿಯ ಕೊಬ್ಬು, ಸ್ನಾಯುವಿನ ಎಳೆ ಪೂರ್ತಿ ಕೆರೆದು ತೆಗೆಯದಿದ್ದರೆ, ಅಥವಾ ಕೆಳಗೆ ರಕ್ತ ಹೆಪ್ಪುಗಟ್ಟಿ ಗ್ರಾಫ್ಟ್ ಮೇಲಕ್ಕೆದ್ದರೆ, ಅದು ಹಿಡಿಯುವುದಿಲ್ಲ. ನಾಳದ ಬೆನ್ನಿನ ಕಡೆ, ಗಟ್ಟಿಯಾದ ಕಾರ್ಪೊರಾ (ಶಿಶ್ನವನ್ನು ನಿಮಿರಿಸುವ ಕೊಳವೆಗಳು) ಮೇಲೆ ಹರಡಿ ಹೊಲಿಯುವ ವಿಧಾನವನ್ನು ಇಟಲಿಯ ಸರ್ಜನ್ ಬಾರ್ಬಾಗ್ಲಿ 1996ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಚಾಲ್ತಿಯಲ್ಲಿದೆ.

ಒಂದು ಕೆನ್ನೆಯಿಂದ ಸುಮಾರು 5–6 ಸೆಂ.ಮೀ. ಉದ್ದ, 2–2.5 ಸೆಂ.ಮೀ. ಅಗಲ ಸಿಗುತ್ತದೆ. ಮೇಲಿನ ಎರಡನೇ ದವಡೆಹಲ್ಲಿನ ಎದುರು ಜೊಲ್ಲುಗ್ರಂಥಿಯ ನಾಳದ ಬಾಯಿ ಇರುತ್ತದೆ, ಸರ್ಜನ್ ಅದನ್ನು ಬಿಟ್ಟೇ ಕೊಯ್ಯಬೇಕು. ನೋವು, ಬಿಗಿತ ಬಹುತೇಕರಿಗೆ ಕೆಲವು ವಾರಗಳ ಮಾತು.

ಇನ್ನು ಗುಟ್ಕಾ. ಅಡಿಕೆ, ತಂಬಾಕು ಜಗಿಯುವವರ ಕೆನ್ನೆ ಒಳಗೆ ಬಿಳಿಚಿಕೊಂಡು ನಾರುಗಟ್ಟುತ್ತದೆ. ನಿಮ್ಮದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಬಾಯಿಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ ಆ ಕೆನ್ನೆಯನ್ನು ನಂಬುವುದು ಕಷ್ಟ. ಅಲ್ಲಿಂದ ತೆಗೆದರೆ ಗ್ರಾಫ್ಟೂ ಕಳಪೆ, ಬಾಯಿಯೂ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಬಿಳಿ ಮಚ್ಚೆ ಇದ್ದರೆ ಮೊದಲು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ). ಚಟವನ್ನಂತೂ ಇಂದೇ ಬಿಡಿ, ಆಪರೇಷನ್ ದಿನಾಂಕಕ್ಕೆ ಕಾಯಬೇಡಿ.

ಆಗ ಮುಂದಿನ ಆಯ್ಕೆ ನಾಲಗೆಯ ಪಕ್ಕ ಮತ್ತು ಅಡಿಭಾಗ. ರುಚಿ ತಿಳಿಯುವ ಮೇಲ್ಭಾಗವನ್ನು ಮುಟ್ಟುವುದಿಲ್ಲ. ಉದ್ದದ ಪಟ್ಟಿ ಸಿಗುತ್ತದೆ, ಆದರೆ ಅಗಲ ಕಡಿಮೆ. ಕೆಲವು ದಿನ ಮಾತು ತೊದಲಬಹುದು, ಎರಡೂ ಪಕ್ಕ ತೆಗೆದರೆ ಇನ್ನೂ ಹೆಚ್ಚು. ಜಗಿಯುವವರ ನಾಲಗೆಯೂ ಕೆಟ್ಟಿರಬಹುದು, ಅದನ್ನೂ ಪರೀಕ್ಷಿಸಬೇಕು.

ಮುಂದೊಗಲು ಇದ್ದರೆ ಅದರ ಒಳಮೈ ತೆಳು, ಕೂದಲಿಲ್ಲದ ಒಳ್ಳೆಯ ಚರ್ಮ. ಆದರೆ ಸ್ಟ್ರಿಕ್ಚರ್‌ಗೆ ಕಾರಣ ಲೈಕೆನ್ ಸ್ಕ್ಲೆರೋಸಸ್ ಆಗಿದ್ದರೆ (ತುದಿಯಲ್ಲಿ ಬಿಳಿ ಕಲೆ, ಹಿಂದೆ ಸರಿಯದ ಮುಂದೊಗಲು) ಜನನಾಂಗದ ಚರ್ಮ ಬೇಡವೇ ಬೇಡ. ಅದು ಚರ್ಮದ ಕಾಯಿಲೆ, ತೇಪೆಯನ್ನೂ ಹಿಡಿಯುತ್ತದೆ. ಕಿವಿಯ ಹಿಂದಿನ ಚರ್ಮಕ್ಕೂ ಈ ಭಯ ಪೂರ್ತಿ ತಪ್ಪಿದ್ದಲ್ಲ. ವೃಷಣಚೀಲದ ಚರ್ಮದಲ್ಲಿ ಕೂದಲು ಬೆಳೆದು ನಾಳದೊಳಗೆ ಕಲ್ಲು, ಸೋಂಕು ಶುರುವಾಗುತ್ತದೆ. ಮೂತ್ರಕೋಶದ ಒಳಪದರ ತೆಗೆಯಲು ಹೊಟ್ಟೆ ಕೊಯ್ಯಬೇಕು, ಅದು ಮೂತ್ರದ್ವಾರದಲ್ಲಿ ಹೊರಚಾಚಿಕೊಳ್ಳುವುದೂ ಉಂಟು. ಬಾಯಿಯಿಂದ ಏನೂ ಸಿಗದಾಗ ಮಾತ್ರ ಅತ್ತ ನೋಡುತ್ತಾರೆ.

ಆಪರೇಷನ್ ಆದ ಮೇಲೆ ಕ್ಯಾಥೆಟರ್ ಸುಮಾರು ಮೂರು ವಾರ. ತೆಗೆಯುವಾಗ ಡೈ ಹಾಕಿ ಎಕ್ಸ್‌ರೇ ತೆಗೆದು ಸೋರಿಕೆ ಇಲ್ಲವೆಂದು ನೋಡಿಕೊಳ್ಳುತ್ತಾರೆ. ಮುಂದೆ ಮತ್ತೆ ಕಟ್ಟಿಕೊಂಡರೆ ಹೆಚ್ಚಾಗಿ ಗ್ರಾಫ್ಟ್ ಮತ್ತು ಹಳೆಯ ನಾಳ ಕೂಡುವ ತುದಿಗಳಲ್ಲಿ. ಮೂತ್ರದ ಧಾರೆ ಸಣ್ಣದಾದರೆ ಪೂರ್ತಿ ನಿಲ್ಲುವ ತನಕ ಕಾಯದೆ ಯೂರೋಫ್ಲೋ (ಧಾರೆಯ ವೇಗ ಅಳೆಯುವ) ಪರೀಕ್ಷೆ ಮಾಡಿಸಿ.