ಜ್ವರ ಬಿಟ್ಟ ದಿನವೇ ಊರಿಗೆ ಹೊರಡಬೇಡಿ

ದಸರಾ ರಜೆ ಶುರುವಾದ ಮೇಲೆ ಮೈಸೂರಿನ ನಮ್ಮ ಕ್ಲಿನಿಕ್ಕಿಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ಮೈಸೂರಿನವರಲ್ಲ. ಬೆಂಗಳೂರಿನಿಂದಲೋ ಹಾಸನದಿಂದಲೋ ಅಜ್ಜಿ ಮನೆಗೆ, ಸೋದರಮಾವನ ಮನೆಗೆ ಬಂದವರು. ಅಮ್ಮನ ಕೈಯಲ್ಲಿ ಅರ್ಧ ಖಾಲಿಯಾದ ಸಿರಪ್ ಬಾಟಲಿ, ಅಪ್ಪನ ಫೋನಿನಲ್ಲಿ ಬೇರೆ ಡಾಕ್ಟರು ಬರೆದ ಚೀಟಿಯ ಮಸುಕು ಫೋಟೊ. ಕಥೆ ಹೆಚ್ಚುಕಡಿಮೆ ಒಂದೇ. ‘ಶನಿವಾರದಿಂದ ಜ್ವರ ಇತ್ತು ಡಾಕ್ಟ್ರೇ. ನಿನ್ನೆ ಬೆಳಿಗ್ಗೆ ಬಿಡ್ತು. ಬಿಟ್ಟಿದೆಯಲ್ಲ ಅಂತ ಹೊರಟು ಬಂದ್ವಿ. ಬಂದಾಗಿಂದ ಯಾಕೋ ಮಂಕಾಗಿ ಬಿದ್ಕೊಂಡಿದ್ದಾನೆ, ಎರಡು ಸಲ ವಾಂತಿ ಬೇರೆ.’

ತಪ್ಪು ಅವರದ್ದು ಎಂದು ನಾನು ಹೇಳುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ದಸರಾ ರಜೆ ಎಂದರೆ ತಿಂಗಳ ಮುಂಚೆಯೇ ಮಾಡಿಟ್ಟ ಲೆಕ್ಕ. ಇವನ ಶಾಲೆಯ ರಜೆ, ಅವಳ ಆಫೀಸಿನ ರಜೆ, ರೈಲಿನ ಟಿಕೆಟ್, ಗೊಂಬೆ ನೋಡಲು ಕರೆದವರ ಪಟ್ಟಿ, ಪಂಜಿನ ಕವಾಯತಿಗೆ ಹೇಗೋ ದಕ್ಕಿಸಿಕೊಂಡ ಪಾಸು. ಇದೆಲ್ಲದರ ನಡುವೆ ಮಗುವಿಗೆ ಜ್ವರ ಬಂತೆಂದರೆ ಮನೆಯವರೆಲ್ಲ ಥರ್ಮಾಮೀಟರನ್ನೇ ನೋಡುತ್ತ ಕೂರುತ್ತಾರೆ. 102 ಇದ್ದದ್ದು 98ಕ್ಕೆ ಬಂದ ಕೂಡಲೇ ಸೂಟ್‌ಕೇಸು ಕೆಳಗಿಳಿಯುತ್ತದೆ. ಮಾಮೂಲಿ ನೆಗಡಿ ಜ್ವರಕ್ಕೆ ಆ ಲೆಕ್ಕ ಸರಿಯೇ. ಆದರೆ ದಸರಾ ಬರುವುದು ಮಳೆಗಾಲದ ಬಾಲದಲ್ಲಿ, ಡೆಂಗಿ ಇನ್ನೂ ಜೋರಾಗಿರುವ ಹೊತ್ತಿನಲ್ಲಿ. ಡೆಂಗಿಯಲ್ಲಿ ಆ ಲೆಕ್ಕ ಪೂರ್ತಿ ತಲೆಕೆಳಗು.

ಡೆಂಗಿ ಜ್ವರ ಇರುವುದು ಸಾಮಾನ್ಯವಾಗಿ 2ರಿಂದ 7 ದಿನ. ಆ ದಿನಗಳಲ್ಲಿ ಮಗು ಒದ್ದಾಡುತ್ತದೆ, ಕಣ್ಣಿನ ಹಿಂದೆ ನೋವು, ಮೈಕೈ ನೋವು, ಊಟ ಬೇಡ. ನೋಡಲು ಭಯವಾದರೂ ಜೀವಕ್ಕೆ ಅಪಾಯ ಬರುವುದು ಬಹುಪಾಲು ಆ ದಿನಗಳಲ್ಲಿ ಅಲ್ಲ. ಜ್ವರ ಇಳಿಯುವ ಹೊತ್ತಿಗೆ, ಅಂದರೆ ಶುರುವಾದ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಕೆಲವು ಮಕ್ಕಳಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಮಣ್ಣಿನ ಮಡಕೆಯಲ್ಲಿ ಬಿರುಕು ಕಾಣದಿದ್ದರೂ ನೀರು ಒಸರುವ ಹಾಗೆ, ರಕ್ತದ ನೀರಿನಂಶ ನಾಳದಿಂದಾಚೆ ಒಸರಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರಿಕೊಳ್ಳುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ಈ ಸೋರಿಕೆ ನಡೆಯುವುದು 24ರಿಂದ 48 ಗಂಟೆ. ಹೆಚ್ಚಿನ ಮಕ್ಕಳು ಏನೂ ಆಗದೆ ದಾಟಿಬಿಡುತ್ತಾರೆ. ದಾಟಲಾಗದ ಕೆಲವರು ಮಾತ್ರ ಯಾರೆಂದು ಮೊದಲೇ ಹೇಳಲು ಬರುವುದಿಲ್ಲ. ಹಾಗಾಗಿ ಎಲ್ಲರನ್ನೂ ಆ ಎರಡು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. ನಮ್ಮ ರಜೆಯ ಲೆಕ್ಕದಲ್ಲಿ ಆ ಎರಡು ದಿನ ಮಗು ಇರುವುದು ಬಸ್ಸಿನಲ್ಲಿ, ಇಲ್ಲವೇ ಹೆದ್ದಾರಿಯ ಹೋಟೆಲಿನಲ್ಲಿ.

ಮನೆಯವರ ಕೈ ಯಾವಾಗಲೂ ಹೋಗುವುದು ಮಗುವಿನ ಹಣೆಗೆ. ನಾನು ಮೊದಲು ಮುಟ್ಟುವುದು ಪಾದವನ್ನು. ‘ಮೈಯೆಲ್ಲ ತಣ್ಣಗಿದೆ ಡಾಕ್ಟ್ರೇ’ ಎಂದು ಅಜ್ಜಿ ಸಮಾಧಾನದಿಂದ ಹೇಳುತ್ತಿರುವಾಗಲೇ ಪಾದವೂ ತಣ್ಣಗಿದ್ದರೆ ನನ್ನ ಸಮಾಧಾನ ಹಾರಿಹೋಗುತ್ತದೆ. ರಕ್ತ ಸಾಲದೆ ಬಂದಾಗ ದೇಹ ಕೈಕಾಲಿಗೆ ಕಡಿಮೆ ಮಾಡಿ ಹೃದಯ, ಮಿದುಳಿಗೆ ಉಳಿಸಿಕೊಳ್ಳುತ್ತದೆ. ಮಗುವಿನ ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬಿಪಿ ನೋಡಿದಾಗ 100, 80 ಬಂತು ಎನ್ನಿ. 100 ಇದೆ ಎಂದ ಕೂಡಲೇ ಅಪ್ಪನ ಮುಖ ಅರಳುತ್ತದೆ. ನನಗೆ ಕಾಡುವುದು ಕೆಳಗಿನ 80. ಎರಡರ ನಡುವಿನ ಅಂತರ 20ಕ್ಕೆ ಇಳಿದಿದೆ ಎಂದರೆ ಮಗು ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಜಾರುತ್ತಿದೆ. ಅಂಥ ಮಗು ಎಷ್ಟೋ ಸಲ ಎಚ್ಚರವಾಗಿಯೇ ಇದ್ದು, ಕೇಳಿದ್ದಕ್ಕೆ ಉತ್ತರ ಕೊಡುತ್ತ, ತಾನೇ ನಡೆದುಕೊಂಡು ಒಳಗೆ ಬಂದಿರುತ್ತದೆ.

ಮನೆಯಲ್ಲಿ ಬಿಪಿ ನೋಡಬೇಕಾಗಿಲ್ಲ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗಿನಲ್ಲೋ ವಸಡಿನಲ್ಲೋ ರಕ್ತ, ಕಪ್ಪು ಮಲ, ಸುಮ್ಮನೆ ಮಲಗಿಬಿಡುವುದು ಅಥವಾ ಕಾರಣವಿಲ್ಲದೆ ಕಿರಿಕಿರಿ, ಆರು ಗಂಟೆಯಾದರೂ ಮೂತ್ರಕ್ಕೆ ಹೋಗದಿರುವುದು. ಇವುಗಳಲ್ಲಿ ಒಂದು ಕಂಡರೂ ಅರ್ಧರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಿ. ಮೂತ್ರದ ಲೆಕ್ಕವನ್ನು ದಯವಿಟ್ಟು ಯಾರಾದರೂ ಒಬ್ಬರು ಇಟ್ಟುಕೊಳ್ಳಿ. ಮನೆ ತುಂಬ ನೆಂಟರಿದ್ದಾಗ ಎಲ್ಲರೂ ‘ಹೋಗಿರಬೇಕು’ ಎನ್ನುತ್ತಾರೆ, ನೋಡಿದವರು ಯಾರೂ ಇರುವುದಿಲ್ಲ.

ಜ್ವರ ನಿಜವಾಗಿ ಬಿಟ್ಟಿದೆಯೋ ಎಂಬುದೂ ಒಂದು ಪ್ರಶ್ನೆ. ಗಂಟೆಯ ಹಿಂದೆ ಪ್ಯಾರಾಸಿಟಮಾಲ್ ಕೊಟ್ಟು ಈಗ 98 ತೋರಿಸಿದರೆ ಅದು ಔಷಧಿಯ ಕೆಲಸ. ಆ ಸಿರಪ್ಪಿನಲ್ಲಿ ಇನ್ನೊಂದು ಫಜೀತಿ ಇದೆ. ಅಂಗಡಿಯಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಬೆಂಗಳೂರಿನ ಮನೆಯಲ್ಲಿ ಒಂದು, ಅಜ್ಜಿ ಮನೆಯ ಫ್ರಿಜ್ಜಿನಲ್ಲಿ ಇನ್ನೊಂದು. ಮುಚ್ಚಳದ ಗೆರೆ ಒಂದೇ ಆದರೂ ಔಷಧಿ ದುಪ್ಪಟ್ಟು. ಮಗುವಿನ ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಎಂಬುದು ಲೆಕ್ಕ, ಆರು ಗಂಟೆಯ ಅಂತರದಲ್ಲಿ. ಬಾಟಲಿಯ ಮೇಲಿನ ಅಂಕಿ ಓದದೆ ‘ಒಂದು ಮುಚ್ಚಳ’ ಎನ್ನಬೇಡಿ. ಪ್ಯಾರಾಸಿಟಮಾಲ್‌ಗೆ ಇಳಿಯಲಿಲ್ಲವೆಂದು ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಡೈಕ್ಲೊಫೆನಾಕ್ ಸೇರಿದ ಯಾವುದನ್ನೂ ಡೆಂಗಿಯ ಅನುಮಾನ ಇರುವಾಗ ಕೊಡಬಾರದು. ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸುವ ಔಷಧಿಗಳವು. ಆಸ್ಪಿರಿನ್ ಕೂಡ ಹಾಗೆಯೇ. ಮೊಮ್ಮಗನ ಜೊತೆ ಅಜ್ಜಿಗೂ ಜ್ವರ ಬಂದು, ಅವರು ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರಾಗಿದ್ದರೆ, ಮುಂದುವರಿಸಬೇಕೋ ಬೇಡವೋ ಎಂದು ಅವರ ಡಾಕ್ಟರನ್ನು ಅದೇ ದಿನ ಕೇಳಿ. ನೀವೇ ತೀರ್ಮಾನ ಮಾಡಿ ನಿಲ್ಲಿಸುವುದೂ ಬೇಡ.

ಇನ್ನು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು. ನಮ್ಮ ಜನಕ್ಕೆ ಡೆಂಗಿ ಎಂದರೆ ಪ್ಲೇಟ್‌ಲೆಟ್ ಒಂದೇ. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ 80 ಸಾವಿರ, ಸಂಜೆ 60 ಸಾವಿರ ಎಂದು ಕ್ರಿಕೆಟ್ ಸ್ಕೋರು ಬಂದ ಹಾಗೆ ಬರುತ್ತಿರುತ್ತದೆ. ಅಮೆರಿಕದ ಅತ್ತಿಗೆ ಕಿವಿ ಹಣ್ಣು ಎನ್ನುತ್ತಾಳೆ, ಪಕ್ಕದ ಮನೆಯವರು ಪಪ್ಪಾಯಿ ಎಲೆಯ ರಸ ತಂದುಕೊಡುತ್ತಾರೆ. ವಾಂತಿ ಮಾಡುತ್ತಿರುವ ಮಗುವಿಗೆ ಆ ಕಹಿ ರಸ ಕುಡಿಸಿ ಇನ್ನೊಂದು ವಾಂತಿ ಮಾಡಿಸುವುದರಲ್ಲಿ ನನಗೆ ಯಾವ ಲಾಭವೂ ಕಂಡಿಲ್ಲ. ರಕ್ತಸ್ರಾವ ಇಲ್ಲದ ಮಗುವಿಗೆ ಪ್ಲೇಟ್‌ಲೆಟ್ 10 ಸಾವಿರಕ್ಕಿಂತ ಕೆಳಗೆ ಹೋಗದೆ ಹೊರಗಿನಿಂದ ಕೊಡುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ.

ಅದೇ ರಿಪೋರ್ಟಿನಲ್ಲಿ ಪಿಸಿವಿ ಎಂಬ ಇನ್ನೊಂದು ಅಂಕಿ ಇರುತ್ತದೆ. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವುದು ಅದೇ. ಜ್ವರದ ಮೊದಲ ದಿನಗಳಲ್ಲಿ 36 ಇದ್ದ ಪಿಸಿವಿ ಐದನೆಯ ದಿನ 44 ಆಗಿದ್ದರೆ ಶೇ 20ಕ್ಕಿಂತ ಹೆಚ್ಚು ಏರಿದೆ, ಸೋರಿಕೆ ನಡೆದಿದೆ ಎಂದು ಅರ್ಥ. ಊರು ಬದಲಿಸಿದವರ ಕಷ್ಟ ಇಲ್ಲಿಯೇ. ನನ್ನ ಮುಂದೆ ಇರುವುದು ಇವತ್ತಿನ 42 ಮಾತ್ರ. ಮೊದಲು 34 ಇತ್ತೋ 40 ಇತ್ತೋ? ಬೆಂಗಳೂರಿನಲ್ಲಿ ಮಾಡಿಸಿದ ರಿಪೋರ್ಟು ಅಡುಗೆಮನೆಯ ಶೆಲ್ಫಿನ ಮೇಲಿದೆ, ಲ್ಯಾಬಿಗೆ ಆಯುಧಪೂಜೆಯ ರಜೆ. ಆಗ ಅನುಮಾನದ ಮೇಲೆ ಅಡ್ಮಿಟ್ ಮಾಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಜ್ವರ ಶುರುವಾದ ದಿನ ಮತ್ತು ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಡಾಕ್ಟರ ಹತ್ತಿರ ಹೋದ ದಿನದಿಂದ ಎಣಿಸಬೇಡಿ. ರಿಪೋರ್ಟುಗಳನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ರಕ್ತದಲ್ಲಿ ವೈರಾಣುವಿನ ಪ್ರೋಟೀನು ಹುಡುಕುವ ಎನ್‌ಎಸ್1 ಪರೀಕ್ಷೆ ನೆಗೆಟಿವ್ ಬಂತು ಎಂದು ಡೆಂಗಿಯನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ಅದು ಹೆಚ್ಚು ನಂಬಿಕೆಗೆ ಬರುವುದು ಮೊದಲ ಐದು ದಿನಗಳಲ್ಲಿ, ಆಮೇಲೆ ವೈರಾಣುವಿನ ವಿರುದ್ಧ ದೇಹ ತಯಾರಿಸುವ ಐಜಿಎಂ ಪ್ರತಿಕಾಯವನ್ನು ನೋಡಬೇಕಾಗುತ್ತದೆ.

‘ಒಂದು ಬಾಟ್ಲಿ ಡ್ರಿಪ್ ಹಾಕಿ ಕಳಿಸಿಬಿಡಿ, ನಾಳೆ ಊರಲ್ಲಿ ಪೂಜೆ ಇದೆ’ ಎಂದು ಕೇಳುವವರು ಪ್ರತಿ ವರ್ಷ ಇರುತ್ತಾರೆ. ಚೆನ್ನಾಗಿ ಕುಡಿಯುತ್ತಿರುವ ಮಗುವಿಗೆ ಡ್ರಿಪ್ ಬೇಡ. ಗಂಜಿ, ಎಳನೀರು, ತೆಳು ಮಜ್ಜಿಗೆ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಕಲಸಿದ ಓಆರ್‌ಎಸ್ ಸಾಕು. ಕುಡಿಯಲಾಗದ ಮಗುವಿಗೆ ಡ್ರಿಪ್ ಬೇಕು, ಆದರೆ ಗಂಟೆಗಂಟೆಗೂ ನಾಡಿ, ಬಿಪಿ, ಮೂತ್ರ ನೋಡಿ ಹನಿಯ ವೇಗ ಹೆಚ್ಚುಕಡಿಮೆ ಮಾಡಬೇಕು. ಸೋರಿಕೆ ನಿಂತ ಮೇಲೆ ಹೊರಗೆ ಹೋದ ನೀರೆಲ್ಲ ತಾನೇ ರಕ್ತಕ್ಕೆ ಮರಳುತ್ತದೆ. ಆಗ ಮೊದಲೇ ಸುರಿದದ್ದು ಹೆಚ್ಚಾಗಿದ್ದರೆ ಮಗುವಿಗೆ ಉಸಿರಾಟವೇ ಕಷ್ಟವಾಗುತ್ತದೆ.

ಹಾಗಾದರೆ ಹೊರಡುವುದು ಯಾವಾಗ? ಜ್ವರದ ಔಷಧಿ ಕೊಡದೆಯೇ 48 ಗಂಟೆ ಜ್ವರ ಇರಬಾರದು, ಮೂತ್ರ ಸರಿಯಾಗಿ ಹೋಗುತ್ತಿರಬೇಕು, ಪಿಸಿವಿ ನಿಂತಲ್ಲೇ ನಿಂತು ಪ್ಲೇಟ್‌ಲೆಟ್ ಏರತೊಡಗಿರಬೇಕು. ನನಗೆ ಎಲ್ಲಕ್ಕಿಂತ ನೆಮ್ಮದಿ ಕೊಡುವುದು ಹಸಿವು. ನಾಲ್ಕು ದಿನ ತುತ್ತು ಮುಟ್ಟದ ಹುಡುಗ ‘ಅಮ್ಮ, ಪುಳಿಯೋಗರೆ ಇದೆಯಾ?’ ಎಂದನೆಂದರೆ ಬಹುಪಾಲು ದಾಟಿದ ಹಾಗೆ. ಆ ಹೊತ್ತಿಗೆ ಕೈಕಾಲಿನಲ್ಲಿ ತುರಿಕೆ, ಮೈಮೇಲೆ ಕೆಂಪು ಗಂದೆಯ ನಡುವೆ ಬಿಳಿ ಚುಕ್ಕೆ ಕಾಣಿಸಿಕೊಳ್ಳಬಹುದು. ಮನೆಯವರು ಹೊಸ ಕಾಯಿಲೆ ಎಂದು ಗಾಬರಿಯಾಗುತ್ತಾರೆ, ಅದು ವಾಸಿಯಾಗುತ್ತಿರುವ ಗುರುತು.

ಎಲ್ಲರೂ ಹಬ್ಬ ಬಿಟ್ಟು ಕೂರಬೇಕು ಎಂದೇನೂ ಇಲ್ಲ. ಡೆಂಗಿ ಮುಟ್ಟಿದರೆ, ಕೆಮ್ಮಿದರೆ ಅಂಟುವ ಕಾಯಿಲೆಯಲ್ಲ. ಅಕ್ಕನನ್ನು ಅಪ್ಪ ಊರಿಗೆ ಕರೆದುಕೊಂಡು ಹೋಗಲಿ, ಅಮ್ಮ ತಮ್ಮನ ಜೊತೆ ಉಳಿಯಲಿ, ಇಲ್ಲವೇ ಈ ಸಲ ಅಪ್ಪ ಉಳಿಯಲಿ. (ಅಪ್ಪ ಉಳಿದದ್ದನ್ನು ನಾನು ನೋಡಿರುವುದು ಅಪರೂಪ.) ಆದರೆ ಜ್ವರ ಇರುವ ದಿನಗಳಲ್ಲಿ ಮಗುವಿನ ರಕ್ತದಲ್ಲಿ ವೈರಾಣು ಇರುತ್ತದೆ. ಮಗುವನ್ನು ಕಚ್ಚಿದ ಈಡಿಸ್ ಸೊಳ್ಳೆ ಕೆಲವು ದಿನಗಳ ನಂತರ ಅದನ್ನು ಇನ್ನೊಬ್ಬರಿಗೆ ದಾಟಿಸುತ್ತದೆ. ಜ್ವರದ ಮಗುವನ್ನು ಊರಿಗೆ ಕರೆದೊಯ್ದರೆ ವೈರಾಣುವೂ ಜೊತೆಗೆ ಹೋಗುತ್ತದೆ. ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ, ಹಾಗಾಗಿ ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ ಬೇಕು.

ಮನೆಗೆ ಬೀಗ ಹಾಕುವ ಮುಂಚೆಯೂ ಒಂದು ಸುತ್ತು ಬನ್ನಿ. ಮೊಟ್ಟೆ ಸೊಳ್ಳೆಯಾಗಲು ಬೇಕಾಗುವುದು ವಾರದಿಂದ ಹತ್ತು ದಿನ, ನಮ್ಮ ರಜೆಯೂ ಹೆಚ್ಚುಕಡಿಮೆ ಅಷ್ಟೇ. ಸಂಪಿನ ಮುಚ್ಚಳ, ಬಚ್ಚಲಿನ ಡ್ರಮ್ಮು, ಫ್ರಿಜ್ಜಿನ ಹಿಂದಿನ ಟ್ರೇ, ಕುಂಡದ ಕೆಳಗಿನ ತಟ್ಟೆ, ತಾರಸಿಯ ಮೇಲಿನ ಎಳನೀರು ಚಿಪ್ಪು. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಅಲ್ಲಿ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ನಮ್ಮ ಮೈಸೂರಿನವರಿಗೆ ಒಂದು ಮಾತು: ಗೊಂಬೆ ಪಾರ್ಕಿನಲ್ಲಿ ಪುಟ್ಟ ಕೊಳ ಮಾಡಿ ನೀರು ತುಂಬಿಸುತ್ತೀರಲ್ಲ, ಆ ನೀರನ್ನು ದಿನ ಬಿಟ್ಟು ದಿನವಾದರೂ ಬದಲಿಸಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು.

ವಿಜಯದಶಮಿ ತಪ್ಪಿಸಿಕೊಂಡ ಮನೆಯವರು ಡಿಸ್ಚಾರ್ಜ್ ದಿನ ಕೇಳುವ ಪ್ರಶ್ನೆ, ದೀಪಾವಳಿಗಾದರೂ ಹೋಗಬಹುದಾ ಎಂದು. ನಡುವೆ ಇಪ್ಪತ್ತು ದಿನ ಇರುತ್ತದೆ, ಧಾರಾಳವಾಗಿ ಹೋಗಿ. ಸುಸ್ತು ಕೆಲವು ವಾರ ಉಳಿಯಬಹುದು, ಬೇಗ ದಣಿದರೆ ಮಲಗಲು ಬಿಡಿ. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದ ಮಗುವಿಗೆ ಇನ್ನೊಂದು ಬಗೆ ತಗಲಬಹುದು, ಎರಡನೆಯ ಸಲ ಬಂದಾಗ ತೀವ್ರವಾಗುವ ಸಂಭವ ಹೆಚ್ಚು. ಡಿಸ್ಚಾರ್ಜ್ ಸಮ್ಮರಿಯನ್ನು ಬಟ್ಟೆಯ ಜೊತೆಗೇ ಬ್ಯಾಗಿಗೆ ಹಾಕಿಕೊಳ್ಳಿ. ಎಲ್ಲಿ ಯಾವ ಡಾಕ್ಟರ ಮುಂದೆ ಕೂತರೂ ಮೊದಲು ಅದನ್ನು ತೋರಿಸಿ.