ಐದನೇ ತರಗತಿಯ ಈ ವಾರದ ಗಣಿತ: ಭಿನ್ನರಾಶಿಯನ್ನು ಒಂದೇ ಸಂಖ್ಯೆಯಾಗಿ ನೋಡುವುದು

ಈ ವಾರ ಐದನೇ ತರಗತಿಯಲ್ಲಿ ಭಿನ್ನರಾಶಿ ನಡೆಯುತ್ತಿದೆ. ಸಮಾನ ಭಿನ್ನರಾಶಿ, ಯಾವುದು ದೊಡ್ಡದು ಯಾವುದು ಚಿಕ್ಕದು ಅನ್ನುವ ಹೋಲಿಕೆ, ಕೊನೆಗೆ ಸ್ವಲ್ಪ ಕೂಡುವ ಲೆಕ್ಕ. ಮಕ್ಕಳ ಜೊತೆ ಕೂತು ಹೇಳಿಕೊಡುವವರಿಗೂ, ಡಿ.ಎಲ್.ಎಡ್. (ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿ) ಓದುತ್ತಿರುವ ನಮ್ಮಂಥವರಿಗೂ ಈ ಟಿಪ್ಪಣಿ. ನನಗೆ ಕಂಡಂತೆ ಇಲ್ಲಿ ಆಗುವ ಬಹುಪಾಲು ತಪ್ಪಿಗೆ ಮೂಲ ಒಂದೇ: 3/4 ಅಂತ ಬರೆದರೆ ಮಗುವಿಗೆ 3 ಕಾಣುತ್ತದೆ, 4 ಕಾಣುತ್ತದೆ, ಮುಕ್ಕಾಲು ಕಾಣುವುದಿಲ್ಲ.

ಛೇದ ಅಂದರೆ ಇಡಿಯನ್ನು ಎಷ್ಟು ಸಮಭಾಗ ಮಾಡಿದೆವು, ಅಂಶ ಅಂದರೆ ಅದರಲ್ಲಿ ಎಷ್ಟು ಭಾಗ ತೆಗೆದುಕೊಂಡೆವು. ಇದು ಎಲ್ಲರಿಗೂ ಬಾಯಿಪಾಠ. ಆದರೆ ಎರಡು ಸಂಗತಿ ಕೈಜಾರುತ್ತವೆ. ಭಾಗಗಳು ಸಮ ಇರಬೇಕು: ವೃತ್ತಕ್ಕೆ ಸಮ ಅಂತರದಲ್ಲಿ ಮೂರು ಅಡ್ಡಗೆರೆ ಎಳೆದರೆ ನಾಲ್ಕು ತುಂಡು ಬರುತ್ತವೆ ನಿಜ, ಅವು ಕಾಲು ಭಾಗಗಳಲ್ಲ, ನಡುವಿನವು ದೊಡ್ಡವು. ಹೋಲಿಸುವಾಗ ಇಡಿಯೂ ಒಂದೇ ಇರಬೇಕು. ಪುಟ್ಟ ಚಪಾತಿಯ ಅರ್ಧಕ್ಕಿಂತ ದೊಡ್ಡ ಜೋಳದ ರೊಟ್ಟಿಯ ಕಾಲು ಭಾಗವೇ ಹೆಚ್ಚಾಗಬಹುದು. ಹಾಗಂತ 1/4 ದೊಡ್ಡದಾಗಲಿಲ್ಲ. 'ಯಾವುದರ ಅರ್ಧ?' ಅಂತ ಕೇಳುವ ಅಭ್ಯಾಸ ಮೊದಲು ಬರಲಿ.

ಪಟ್ಟಿ ಮಾಡಿಕೊಳ್ಳಿ

ಪುಸ್ತಕದ ಚಿತ್ರಕ್ಕಿಂತ ಕಾಗದದ ಪಟ್ಟಿಯ ಮೇಲೆ ನನಗೆ ಹೆಚ್ಚು ನಂಬಿಕೆ. 12 ಸೆಂ.ಮೀ. ಉದ್ದದ ಒಂದೇ ಅಳತೆಯ ನಾಲ್ಕು ಪಟ್ಟಿ ಕತ್ತರಿಸಿ. ಒಂದನ್ನು ಒಮ್ಮೆ ಮಡಚಿದರೆ ಅರ್ಧ, ಇನ್ನೊಂದನ್ನು ಎರಡು ಸಲ ಮಡಚಿದರೆ ಕಾಲು, ಮೂರು ಸಲ ಮಡಚಿದರೆ ಎಂಟನೇ ಒಂದು. ಬಿಡಿಸಿ ಒಂದರ ಕೆಳಗೆ ಒಂದಿಟ್ಟರೆ 1/2, 2/4, 4/8 ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಇಷ್ಟನ್ನು ಕಣ್ಣಾರೆ ಕಂಡ ಮಗುವಿಗೆ 'ಅಂಶ, ಛೇದ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸು' ಅನ್ನುವ ನಿಯಮ ಬೇರೆಯಾಗಿ ಉರುಹೊಡೆಯುವಂಥದ್ದಾಗಿ ಉಳಿಯುವುದಿಲ್ಲ. ತುಂಡುಗಳು ಇಮ್ಮಡಿಯಾದವು, ಹಾಗಾಗಿ ನಾವು ತೆಗೆದುಕೊಂಡ ತುಂಡುಗಳೂ ಇಮ್ಮಡಿಯಾದವು, ಅಷ್ಟೆ.

ಮೂರು ಭಾಗ ಮಡಚುವುದು ಕಷ್ಟ, ಐದು ಇನ್ನೂ ಕಷ್ಟ. ಅದಕ್ಕೆ ಗೆರೆಯಿರುವ ನೋಟ್‌ಬುಕ್ ಸಾಕು. ಪಟ್ಟಿಯ ಒಂದು ತುದಿಯ ಮೂಲೆಯನ್ನು ಒಂದು ಗೆರೆಯ ಮೇಲಿಡಿ. ಅದೇ ಉದ್ದ ಅಂಚಿನ ಇನ್ನೊಂದು ತುದಿಯ ಮೂಲೆ ಮೂರನೇ ಗೆರೆಗೆ (ಹೊರಟ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ) ತಾಗುವಷ್ಟು ಪಟ್ಟಿಯನ್ನು ಓರೆ ಮಾಡಿ. ನಡುವಿನ ಎರಡು ಗೆರೆ ಆ ಅಂಚನ್ನು ಸಂಧಿಸುವಲ್ಲಿ ಪೆನ್ಸಿಲ್ ಗುರುತು ಹಾಕಿದರೆ ಸರಿಯಾಗಿ ಮೂರು ಸಮಭಾಗ. ಐದು ಬೇಕೆಂದರೆ ಐದನೇ ಗೆರೆಗೆ ತಾಗಿಸಿ. ಗೆರೆಗಳು ಸಮಾಂತರವಾಗಿ, ಸಮ ದೂರದಲ್ಲಿ ಇರುವುದರಿಂದ ಪಟ್ಟಿ ಎಷ್ಟೇ ಓರೆಯಾದರೂ ತುಂಡುಗಳು ಸಮ. ಕಾರಣ ಪ್ರೌಢಶಾಲೆಯ ರೇಖಾಗಣಿತದಲ್ಲಿ ಸಿಗುತ್ತದೆ, ಕೈಗೆ ಈಗಲೇ ಸಿಗಲಿ.

1/3 ದೊಡ್ಡದೋ 1/4 ದೊಡ್ಡದೋ ಎಂದರೆ 'ನಾಲ್ಕು ದೊಡ್ಡದು, ಹಾಗಾಗಿ 1/4' ಎಂಬ ಉತ್ತರ ಬರುವುದು ಸಹಜ. ನಾಲ್ಕು ವರ್ಷ ಪೂರ್ಣಸಂಖ್ಯೆ ಕಲಿತವರಿಗೆ ಹಾಗನಿಸಲೇಬೇಕು. ಬೈಯುವ ಬದಲು ಪಟ್ಟಿ ಕೊಡಿ. 2/3 ಮತ್ತು 3/4 ಬಂದಾಗ ಇನ್ನೊಂದು ದಾರಿಯಿದೆ: ಇಡಿಯಾಗಲು ಎಷ್ಟು ಕಡಿಮೆ ಬಿತ್ತು ನೋಡಿ. ಮೊದಲನೆಯದಕ್ಕೆ 1/3, ಎರಡನೆಯದಕ್ಕೆ 1/4. ಕಡಿಮೆ ಬಿದ್ದದ್ದು ಚಿಕ್ಕದಾದ್ದರಿಂದ 3/4 ದೊಡ್ಡದು. ಸಮಛೇದ ಮಾಡಿದರೂ 8/12, 9/12, ಅದೇ ಉತ್ತರ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ನಾಲ್ಕಾಣೆ, ಎಂಟಾಣೆ ಲೆಕ್ಕ ಕೇಳಿಸಿ. ರೂಪಾಯಿಗೆ 16 ಆಣೆ, ಹಾಗಾಗಿ ನಾಲ್ಕಾಣೆ ಅಂದರೆ 4/16. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಯಾಯಿತು, ನಾಲ್ಕಾಣೆ 25/100 ಆಯಿತು. ಛೇದ ಬದಲಾದರೂ ಕಾಲು ರೂಪಾಯಿ ಕಾಲು ರೂಪಾಯಿಯಾಗಿಯೇ ಉಳಿಯಿತು.

ಕೂಡುವಾಗ

1/2 + 1/3 = 2/5. ಈ ತಪ್ಪನ್ನು ನೀವು ನೋಡಿಯೇ ನೋಡುತ್ತೀರಿ. ಮೇಲಿನದ್ದಕ್ಕೆ ಮೇಲಿನದು, ಕೆಳಗಿನದ್ದಕ್ಕೆ ಕೆಳಗಿನದು ಕೂಡಿಸಿದ್ದಾಯಿತು. ತಿದ್ದುವ ಮೊದಲು ಒಂದು ಪ್ರಶ್ನೆ ಕೇಳಿ: 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಕಡಿಮೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದುಂಟೆ? ತಪ್ಪು ಎಲ್ಲಿದೆಯೆಂದು ಮಗುವೇ ಹುಡುಕಲು ಶುರುಮಾಡುತ್ತದೆ. ಆಮೇಲೆ 12 ಚೌಕದ ಪಟ್ಟಿ ಹಿಡಿಯಿರಿ: ಅರ್ಧಕ್ಕೆ 6 ಚೌಕ, ಮೂರನೇ ಒಂದಕ್ಕೆ 4, ಒಟ್ಟು 10. ಅಂದರೆ 10/12, ಚಿಕ್ಕದು ಮಾಡಿದರೆ 5/6. ಒಂದೇ ಅಳತೆಯ ತುಂಡುಗಳಾದ ಮೇಲೆ ಮಾತ್ರ ಎಣಿಸಿ ಕೂಡಲು ಬರುತ್ತದೆ. ನನಗೆ ಈ ಪಾಠದಲ್ಲಿ ಅತ್ಯಂತ ಮುಖ್ಯ ಅನಿಸುವುದು ಇದೇ: ನಿಯಮ ಹಾಕುವ ಮುಂಚೆ ಉತ್ತರ ಸುಮಾರು ಎಷ್ಟಿರಬೇಕು ಅಂತ ಅಂದಾಜು ಮಾಡುವುದು.

ಛೇದಗಳನ್ನು ಸಮ ಮಾಡಲು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎಲ್ಲ ಛೇದಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಹಿಡಿಯುವ ಕ್ರಮ ನಮ್ಮ ನೆಲಕ್ಕೆ ಹಳೆಯದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಅದನ್ನು ನಿರುದ್ಧ ಎಂದು ಕರೆದು ಭಿನ್ನರಾಶಿಯ ಲೆಕ್ಕಕ್ಕೆ ಬಳಸಿದ. ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಅವನು ಕೊಟ್ಟ ಒಂದು ಸೂತ್ರ ಐದನೇ ತರಗತಿಗೆ ಹೇಳಿ ಮಾಡಿಸಿದಂತಿದೆ: ಅಂಶ 1 ಇರುವ ಭಿನ್ನರಾಶಿಗಳನ್ನೇ ಕೂಡಿ ಇಡೀ 1 ಮಾಡುವುದು.

ಮೂರು ಭಿನ್ನರಾಶಿಯಾದರೆ 1/2 + 1/3 + 1/6. ನಾಲ್ಕಾದರೆ 1/2 + 1/3 + 1/9 + 1/18. ಮೊದಲನೆಯ ಛೇದ 2, ಆಮೇಲೆ 3, ಅದರ ಮೂರರಷ್ಟು, ಮತ್ತೆ ಮೂರರಷ್ಟು ಹೀಗೆ ಹೋಗಿ ಕೊನೆಯದು ಮಾತ್ರ ಹಿಂದಿನದರ ಎರಡರಷ್ಟು. 18 ಚೌಕದ ಪಟ್ಟಿಯಲ್ಲಿ ಬಣ್ಣ ಹಚ್ಚಿ ನೋಡಿ: 9, 6, 2, 1 ಚೌಕ. ಒಂದೂ ಉಳಿಯುವುದಿಲ್ಲ.

ಐದು ಭಿನ್ನರಾಶಿಗೆ ಎಷ್ಟು ಚೌಕದ ಪಟ್ಟಿ ಬೇಕು, ಯಾವ ಬಣ್ಣಕ್ಕೆ ಎಷ್ಟು ಚೌಕ? ಶನಿವಾರದೊಳಗೆ ಮಕ್ಕಳೇ ಮಾಡಿ ತರಲಿ.